ಬ್ಯಾಂಕಾಕ್‌ಗೆ ಮೊದಲ ಸಲ: ಟಿಕೆಟ್ ತೆಗೆಯುವಲ್ಲಿಂದ ವಾಪಸ್ ಬರುವವರೆಗೆ ಒಂದೊಂದೇ ಹಂತ

ಬ್ಯಾಂಕಾಕ್ ನೋಡಿ ಬಂದವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಅರ್ಧ ದಿನ ಟ್ಯಾಕ್ಸಿಯಲ್ಲೇ ಕಳೆದುಹೋಯಿತು. ಅರಮನೆ ಇವತ್ತು ಬಾಗಿಲು ಹಾಕಿದೆ ಅಂದರು, ಬೇರೆಲ್ಲೋ ಕರೆದುಕೊಂಡು ಹೋದರು. ತಿನ್ನಲು ಏನೂ ಸಿಗಲಿಲ್ಲ, ರೂಮಿನಲ್ಲಿ ಕೂತು ಊರಿಂದ ತಂದ ಚಪಾತಿ, ಚಟ್ನಿಪುಡಿಯಲ್ಲೇ ದಿನ ದೂಡಿದೆವು.

ಈ ಮೂರನ್ನೂ ತಪ್ಪಿಸಬಹುದು. ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಜನ ಮೊದಲು ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಅಗ್ಗದ ಹೋಟೆಲ್ ಹುಡುಕುತ್ತಾರೆ, ಓಡಾಟದ ಯೋಚನೆ ಅಲ್ಲಿ ಇಳಿದ ಮೇಲೆ ಬರುತ್ತದೆ. ಈ ಊರಿಗೆ ಅದು ಉಲ್ಟಾ ಆಗಬೇಕು. ಮೊದಲು ಓಡಾಟ, ಆಮೇಲೆ ಹೋಟೆಲ್, ಕೊನೆಗೆ ಪಟ್ಟಿ. ಇಲ್ಲಿ ರಸ್ತೆಯನ್ನು ನೆಚ್ಚಿಕೊಳ್ಳಬೇಡಿ. ರೈಲು ಮತ್ತು ನದಿಯನ್ನು ನೆಚ್ಚಿಕೊಳ್ಳಿ. ಕೆಳಗಿನ ಹಂತಗಳೆಲ್ಲ ಈ ಮಾತಿನ ಮೇಲೇ ನಿಂತಿವೆ. ದರಗಳು ಆಗಾಗ ಸ್ವಲ್ಪ ಏರುತ್ತವೆ, ಅಂದಾಜಿಗೆ ಇಟ್ಟುಕೊಳ್ಳಿ.

## ಹಂತ 1: ಟಿಕೆಟ್ ತೆಗೆಯುವ ಮುಂಚೆ

ತಿಂಗಳು ನೋಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಓಡಾಡಲು ಸುಖ. ಮಾರ್ಚ್‌ನಿಂದ ಮೇವರೆಗೆ ಬಿಸಿಲು, ಸೆಖೆ ಎರಡೂ ಜಾಸ್ತಿ. ಬೆಂಗಳೂರು, ಮೈಸೂರಿನ ಹವೆಗೆ ಒಗ್ಗಿದವರು ಸುಸ್ತಾಗಿಬಿಡುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು, ಕೆಲವು ರಸ್ತೆಗಳಲ್ಲಿ ನೀರು ನಿಲ್ಲುತ್ತದೆ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಅವರ ಹೊಸ ವರ್ಷ. ಬೀದಿಬೀದಿಯಲ್ಲಿ ನೀರೆರಚಾಟ. ಅದನ್ನೇ ನೋಡಬೇಕೆಂದರೆ ಹೋಗಿ, ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇಡ. ಜನವರಿ, ಫೆಬ್ರವರಿಯಲ್ಲಿ ಕೆಲವು ದಿನ ಗಾಳಿಯಲ್ಲಿ ಹೊಗೆ, ಧೂಳು ತುಂಬಿರುತ್ತದೆ. ಆಸ್ತಮಾ ಇರುವವರು ಮಾಸ್ಕ್ ಇಟ್ಟುಕೊಳ್ಳಲೇಬೇಕು.

ವೀಸಾ. 2024ರ ಜುಲೈ 15ರಿಂದ ಭಾರತೀಯ ಪಾಸ್‌ಪೋರ್ಟ್ ಇದ್ದವರು ವೀಸಾ ಇಲ್ಲದೆ 60 ದಿನ ಇರಬಹುದು ಎಂಬ ನಿಯಮ ಬಂತು. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್‌ಗೆ ದುಡ್ಡು ಕಟ್ಟುವ ದಿನ ಥಾಯ್ ರಾಯಭಾರ ಕಚೇರಿಯ ಪುಟವನ್ನು ನೀವೇ ತೆರೆದು ನೋಡಿ. ಹೋದ ವರ್ಷ ಹೋಗಿಬಂದ ಸ್ನೇಹಿತರ ಮಾತು ಸಾಕಾಗುವುದಿಲ್ಲ. ಪಾಸ್‌ಪೋರ್ಟ್ ಅವಧಿ ಇನ್ನೂ ಕನಿಷ್ಠ 6 ತಿಂಗಳು ಇರಬೇಕು.

ಯಾವ ವಿಮಾನ ನಿಲ್ದಾಣ? ಊರಿಗೆ ಎರಡು ನಿಲ್ದಾಣಗಳಿವೆ. ಸುವರ್ಣಭೂಮಿ ದೊಡ್ಡದು, ಟಿಕೆಟ್ ಮೇಲೆ ಬಿಕೆಕೆ ಎಂದಿರುತ್ತದೆ. ಡಾನ್ ಮುವಾಂಗ್ ಹಳೆಯದು, ಅಗ್ಗದ ವಿಮಾನಗಳು ಜಾಸ್ತಿ, ಅದರ ಗುರುತು ಡಿಎಂಕೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಫುಕೆಟ್‌ಗೋ ಕ್ರಾಬಿಗೋ ಹಾರುವ ಟಿಕೆಟ್ ತೆಗೆದು ಸಿಕ್ಕಿಹಾಕಿಕೊಳ್ಳುವವರು ಬಹಳ. ಎರಡರ ನಡುವೆ ಟ್ರಾಫಿಕ್‌ನಲ್ಲಿ ಒಂದು ಗಂಟೆಗೂ ಮೇಲೆ ಬೇಕು.

ಬೆಂಗಳೂರಿಂದ ನೇರ ವಿಮಾನದಲ್ಲಿ ನಾಲ್ಕು ಗಂಟೆಯೊಳಗೆ ತಲುಪುತ್ತೀರಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಮಧ್ಯರಾತ್ರಿ ಹೊರಟರೆ ಬೆಳಗಿನ ಜಾವ ಇಳಿಯುತ್ತೀರಿ, ರೂಮು ಸಿಗುವುದು ಮಧ್ಯಾಹ್ನ 2ಕ್ಕೆ. ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕೊಡಲು ತಯಾರಿದ್ದೀರಾ, ಅಥವಾ ಬ್ಯಾಗ್ ಇಟ್ಟು ನಿದ್ದೆಗಣ್ಣಲ್ಲೇ ಸುತ್ತುತ್ತೀರಾ ಅಂತ ಈಗಲೇ ತೀರ್ಮಾನಿಸಿ.

## ಹಂತ 2: ಎಲ್ಲಿ ಉಳಿಯಬೇಕು

ಇಡೀ ಪ್ರವಾಸದ ಹಣೆಬರಹ ಇಲ್ಲೇ ಬರೆದುಹೋಗುತ್ತದೆ. ನಿಯಮ ಒಂದೇ: ಹೋಟೆಲ್ ರೈಲು ನಿಲ್ದಾಣದಿಂದ 500 ಮೀಟರ್ ಒಳಗಿರಬೇಕು. ರೂಮಿಗೆ ದಿನಕ್ಕೆ ಐನೂರು ರೂಪಾಯಿ ಉಳಿಸಲು ದೂರ ಹೋದರೆ, ಅದರ ಎರಡರಷ್ಟು ಟ್ಯಾಕ್ಸಿಗೆ ಹೋಗುತ್ತದೆ, ಜೊತೆಗೆ ಸಮಯವೂ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮೂರೇ ಜಾಗ.

1. ಅಸೋಕ್, ನಾನಾ ಸುತ್ತಮುತ್ತ. ಅಸೋಕ್‌ನಲ್ಲಿ ಮೇಲೆ ಓಡುವ ಬಿಟಿಎಸ್, ನೆಲದಡಿಯ ಎಂಆರ್‌ಟಿ ಎರಡೂ ರೈಲು ಸಿಗುತ್ತವೆ. ಭಾರತೀಯ ಊಟವೂ ಹತ್ತಿರ. ನಾನಾದ ಕೆಲವು ಓಣಿಗಳು ರಾತ್ರಿ ಬಾರ್‌ಗಳಿಂದ ತುಂಬಿರುತ್ತವೆ, ಕುಟುಂಬದ ಜೊತೆ ಹೋಗುವವರು ಅಸೋಕ್ ಕಡೆಗೇ ಇರಿ.
2. ಫಯಾ ಥಾಯ್, ರಾಚತೇವಿ. ಸುವರ್ಣಭೂಮಿಯ ರೈಲು ನೇರ ಇಲ್ಲಿಗೇ ಬರುತ್ತದೆ. ಲಗೇಜ್ ಜಾಸ್ತಿ ಇದ್ದವರಿಗೆ ಒಳ್ಳೆಯದು.
3. ಸಿಲೋಮ್‌ನಿಂದ ಸಾಫನ್ ತಾಕ್ಸಿನ್‌ವರೆಗೆ. ನದಿ ಪಕ್ಕದಲ್ಲೇ. ಸಿಲೋಮ್ ರಸ್ತೆಯ ಮಾರಿಯಮ್ಮನ ಗುಡಿಯ ಆಸುಪಾಸು ದಕ್ಷಿಣ ಭಾರತದ ಊಟ ಸಿಗುತ್ತದೆ.

ಖಾವೊ ಸಾನ್ ರಸ್ತೆ ಹೆಸರುವಾಸಿ. ಆದರೆ ಅಲ್ಲಿ ನಡೆದುಹೋಗುವಷ್ಟು ಹತ್ತಿರ ರೈಲಿಲ್ಲ. ಸಂಜೆ ಹೋಗಿ ನೋಡಿ ಬನ್ನಿ, ಉಳಿಯಬೇಡಿ. ಪ್ರತುನಾಮ್‌ನಲ್ಲಿ ನಮ್ಮವರ ಗುಂಪುಗಳು ತುಂಬ ಉಳಿಯುತ್ತವೆ. ಬಟ್ಟೆ ಕೊಳ್ಳುವುದೇ ಮುಖ್ಯ ಕೆಲಸವಾದರೆ ಅದು ಸರಿ, ಇಲ್ಲದಿದ್ದರೆ ಅಲ್ಲಿನ ಟ್ರಾಫಿಕ್ ನಿಮ್ಮನ್ನು ಕಟ್ಟಿಹಾಕುತ್ತದೆ.

ವಿಳಾಸ ಓದುವಾಗ ಆಗುವ ತಪ್ಪು. ಮುಖ್ಯ ರಸ್ತೆಯಿಂದ ಒಡೆಯುವ ಅಡ್ಡರಸ್ತೆಗೆ ಅಲ್ಲಿ ಸೊಯ್ ಎನ್ನುತ್ತಾರೆ. ಸುಖುಮ್ವಿತ್ ರಸ್ತೆಯಲ್ಲಿ ಬೆಸ ಸಂಖ್ಯೆಯ ಸೊಯ್‌ಗಳು ಒಂದು ಬದಿ, ಸರಿ ಸಂಖ್ಯೆಯವು ಎದುರು ಬದಿ. ಆದರೆ ಎರಡೂ ಬದಿಯ ಎಣಿಕೆ ಒಟ್ಟಿಗೆ ಸಾಗುವುದಿಲ್ಲ. ಥೋಂಗ್ ಲೋ ನಿಲ್ದಾಣದ ಹತ್ತಿರ 55ನೇ ಸೊಯ್‌ನ ಎದುರಿಗೆ ಸಿಗುವುದು 38! ಸಂಖ್ಯೆ ನೋಡಿ ಅಂದಾಜು ಮಾಡಬೇಡಿ. ಮ್ಯಾಪ್‌ನಲ್ಲಿ ನಿಲ್ದಾಣದಿಂದ ಹೋಟೆಲ್ ಬಾಗಿಲವರೆಗೆ ನಡೆಯುವ ದಾರಿ ಹಾಕಿ ನೋಡಿ. ಕೆಲವು ಸೊಯ್‌ಗಳು ಒಂದು ಕಿಲೋಮೀಟರ್‌ಗೂ ಉದ್ದ, ಹೋಟೆಲ್ ಅದರ ಕೊನೆಯಲ್ಲಿರಬಹುದು.

## ಹಂತ 3: ಹೊರಡುವ ಮೂರು ದಿನ ಮುಂಚೆ

ಡಿಜಿಟಲ್ ಅರೈವಲ್ ಕಾರ್ಡ್. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವ ಪ್ರತಿ ವಿದೇಶಿಯೂ ಇದನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಟಿಡಿಎಸಿ ಅಂತ ಕರೆಯುತ್ತಾರೆ. ಇಳಿಯುವ ದಿನಕ್ಕೆ ಮೂರು ದಿನದ ಒಳಗೆ ತುಂಬಬೇಕು. ಮಕ್ಕಳಿಗೂ ಬೇರೆ ಬೇರೆ ಕಾರ್ಡ್. ಇದು ಪೂರ್ತಿ ಉಚಿತ. ದುಡ್ಡು ಕೇಳಿತು ಅಂದರೆ ನೀವು ತಪ್ಪು ಸೈಟ್‌ನಲ್ಲಿದ್ದೀರಿ, ತಕ್ಷಣ ಮುಚ್ಚಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್‌ಗಳಲ್ಲೇ ಜನ ಮೋಸ ಹೋಗುತ್ತಾರೆ. ಥಾಯ್ ಇಮಿಗ್ರೇಶನ್ ಇಲಾಖೆಯ ಸೈಟ್ ಮಾತ್ರ ಬಳಸಿ. ಅದರ ವಿಳಾಸ ಥಾಯ್ ಸರ್ಕಾರದ ಗೋ ಡಾಟ್ ಟಿಎಚ್ ಅಂತ ಮುಗಿಯುತ್ತದೆ. ಬಂದ ಕ್ಯುಆರ್ ಕೋಡ್ ಫೋನಿನಲ್ಲಿ ಉಳಿಸಿ, ಒಂದು ಪ್ರಿಂಟ್ ಕೂಡ ಇಟ್ಟುಕೊಳ್ಳಿ.

ಕಾಗದ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ದುಡ್ಡಿದೆ ಎಂದು ತೋರಿಸಲು ಒಂದಿಷ್ಟು ನಗದು. ಎಲ್ಲರನ್ನೂ ಕೇಳುವುದಿಲ್ಲ. ಆದರೆ ಕೇಳಿದಾಗ ತಡಕಾಡುವ ಹಾಗಿರಬಾರದು.

ದುಡ್ಡು. ಅಲ್ಲಿನ ನಾಣ್ಯ ಬಾತ್. ಯುಪಿಐ ನೆಚ್ಚಿಕೊಂಡು ಹೋಗಬೇಡಿ. ಬೀದಿ ಅಂಗಡಿ, ದೋಣಿ, ದೇವಸ್ಥಾನ ಎಲ್ಲ ಕಡೆ ನಗದು ಬೇಕು. ಡಾಲರ್ ಒಯ್ಯುವುದಾದರೆ 100ರ ಹೊಸ ನೋಟುಗಳೇ ಇರಲಿ. ಚಿಕ್ಕ ನೋಟಿಗೆ ದರ ಕಡಿಮೆ, ಗೀಚಿದ, ಹರಿದ ನೋಟು ವಾಪಸ್ ಕೊಡುತ್ತಾರೆ. ಎಟಿಎಂನಲ್ಲಿ ವಿದೇಶಿ ಕಾರ್ಡ್‌ಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಜಾಸ್ತಿ ಶುಲ್ಕ ಹಿಡಿಯುತ್ತಾರೆ. ಹಾಗಾಗಿ ಸ್ವಲ್ಪ ಸ್ವಲ್ಪ ತೆಗೆಯಬೇಡಿ. ಮೆಷಿನ್ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಬೇಡ ಅನ್ನಿ, ಬಾತ್‌ನಲ್ಲೇ ಇರಲಿ. ರೂಪಾಯಿಯಲ್ಲಿ ಒಪ್ಪಿದರೆ ದರದಲ್ಲಿ ನಷ್ಟ.

ಚಾರ್ಜರ್. ನಮ್ಮ ಎರಡು ಗುಂಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಅಲ್ಲಿ ಕೂರುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ ಕೂರುವುದಿಲ್ಲ, ಅಡಾಪ್ಟರ್ ಬೇಕು.

ವೇಪ್, ಇ-ಸಿಗರೇಟ್ ಮನೆಯಲ್ಲೇ ಬಿಟ್ಟುಹೋಗಿ. ಥಾಯ್ಲೆಂಡ್‌ನಲ್ಲಿ ಅದು ಕಾನೂನುಬಾಹಿರ.

## ಹಂತ 4: ಇಳಿದ ಮೊದಲ ಒಂದೂವರೆ ಗಂಟೆ

ಸುವರ್ಣಭೂಮಿಯಲ್ಲಿ ಇಮಿಗ್ರೇಶನ್‌ನಲ್ಲಿ ಫೋಟೊ, ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಹೊರಗೆ ಬಂದ ಮೇಲೆ ಈ ಕ್ರಮದಲ್ಲಿ ಹೋಗಿ.

1. ಸಿಮ್. ಎಐಎಸ್, ಟ್ರೂ ಕಂಪನಿಗಳ ಟೂರಿಸ್ಟ್ ಸಿಮ್ ಅಲ್ಲೇ ಸಿಗುತ್ತದೆ, ಪಾಸ್‌ಪೋರ್ಟ್ ಕೊಡಬೇಕು. ಇ-ಸಿಮ್ ಊರಲ್ಲೇ ಹಾಕಿಸಿಕೊಂಡಿದ್ದರೆ ಈ ಸಾಲು ತಪ್ಪುತ್ತದೆ. ಓಟಿಪಿ ಬರಲು ನಮ್ಮ ಸಿಮ್‌ಗೆ ರೋಮಿಂಗ್ ಆನ್ ಇರಲಿ.
2. ದುಡ್ಡು ಬದಲಾವಣೆ. ಬ್ಯಾಗ್ ಬರುವ ಕಡೆ, ಅರೈವಲ್ ಹಾಲ್‌ನಲ್ಲಿ ಇರುವ ಬ್ಯಾಂಕ್ ಕೌಂಟರ್‌ಗಳ ದರ ಕಳಪೆ. ಕೆಳಗಿನ ಬೇಸ್‌ಮೆಂಟ್‌ಗೆ, ರೈಲು ಹಿಡಿಯುವ ಮಹಡಿಗೆ ಇಳಿಯಿರಿ. ಅಲ್ಲಿನ ಸೂಪರ್‌ರಿಚ್‌ನಂಥ ಕೌಂಟರ್‌ಗಳಲ್ಲಿ ದರ ಚೆನ್ನಾಗಿರುತ್ತದೆ.
3. ಊರೊಳಕ್ಕೆ. ಅದೇ ಮಹಡಿಯಲ್ಲಿ ಏರ್‌ಪೋರ್ಟ್ ರೈಲ್ ಲಿಂಕ್ ಇದೆ. ಕೊನೆಯ ನಿಲ್ದಾಣ ಫಯಾ ಥಾಯ್‌ವರೆಗೆ 45 ಬಾತ್, ಅರ್ಧ ಗಂಟೆ. ಅಲ್ಲಿ ಬಿಟಿಎಸ್ ಹಿಡಿಯಬಹುದು. ಎಂಆರ್‌ಟಿ ಬೇಕಾದರೆ ಮಕ್ಕಾಸನ್‌ನಲ್ಲಿ ಇಳಿದು ಪಕ್ಕದ ಫೆಚಬುರಿ ನಿಲ್ದಾಣಕ್ಕೆ ನಡೆಯಿರಿ.

ನಡುರಾತ್ರಿ ಇಳಿದರೆ, ಅಪ್ಪ ಅಮ್ಮ ಜೊತೆಗಿದ್ದರೆ ಟ್ಯಾಕ್ಸಿಯೇ ಸರಿ. ಆದರೆ ಅರೈವಲ್ ಹಾಲ್‌ನಲ್ಲಿ ‘ಟ್ಯಾಕ್ಸಿ, ಟ್ಯಾಕ್ಸಿ’ ಅಂತ ಹಿಂದೆ ಬೀಳುವವರ ಜೊತೆ ಹೋಗಬೇಡಿ. 1ನೇ ಮಹಡಿಗೆ ಇಳಿದು ಹೊರಗೆ ಬನ್ನಿ. ಅಲ್ಲಿ ಮೆಷಿನ್‌ಗಳಿವೆ. ಬಟನ್ ಒತ್ತಿದರೆ ಒಂದು ಚೀಟಿ ಬರುತ್ತದೆ, ಅದರ ಮೇಲೆ ದೊಡ್ಡದಾಗಿ ಒಂದು ಅಂಕಣದ ನಂಬರ್. ಆ ನಂಬರಿನಡಿ ನಿಂತ ಕಾರೇ ನಿಮ್ಮದು. ಚೀಟಿಯಲ್ಲಿ ಡ್ರೈವರ್ ವಿವರ ಇರುತ್ತದೆ. ಅವರು ಕೇಳಿದರೂ ಕೊಡಬೇಡಿ, ಇಳಿಯುವವರೆಗೂ ನಿಮ್ಮ ಕೈಯಲ್ಲೇ ಇರಲಿ. ಬ್ಯಾಗ್ ಮರೆತರೂ, ಜಗಳವಾದರೂ ಅದೊಂದೇ ಆಧಾರ. ಮೀಟರ್ 35 ಬಾತ್‌ನಿಂದ ಶುರುವಾಗುತ್ತದೆ. ಮೀಟರ್ ಮೇಲೆ ಏರ್‌ಪೋರ್ಟ್ ಶುಲ್ಕ 50 ಬಾತ್, ಜೊತೆಗೆ ಎಕ್ಸ್‌ಪ್ರೆಸ್‌ವೇ ಟೋಲ್ ನೀವೇ ಕೊಡಬೇಕು. ಇದು ಮೋಸವಲ್ಲ, ನಿಯಮವೇ ಹಾಗೆ.

ಡಾನ್ ಮುವಾಂಗ್‌ನಲ್ಲಿ ಇಳಿದವರಿಗೆ ಪಕ್ಕದಲ್ಲೇ ರೆಡ್ ಲೈನ್ ರೈಲು ಇದೆ. ಅದು ಕ್ರುಂಗ್ ಥೇಪ್ ಅಪಿವತ್ ನಿಲ್ದಾಣಕ್ಕೆ ತಂದುಬಿಡುತ್ತದೆ, ಅಲ್ಲಿಂದ ಎಂಆರ್‌ಟಿ.

## ಹಂತ 5: ರೈಲು, ದೋಣಿ ಬಳಸುವುದು

ಬಿಟಿಎಸ್ ಮತ್ತು ಎಂಆರ್‌ಟಿ ಬೇರೆ ಬೇರೆ ವ್ಯವಸ್ಥೆ, ಟಿಕೆಟ್ ಕೂಡ ಬೇರೆ. ಬಿಟಿಎಸ್‌ನದು ತೆಳ್ಳಗಿನ ಕಾರ್ಡ್. ಎಂಆರ್‌ಟಿಯದು ನಮ್ಮ ಮೆಟ್ರೊದ ಹಾಗೆ ಗುಂಡನೆಯ ಟೋಕನ್, ಒಳಗೆ ಹೋಗುವಾಗ ಮುಟ್ಟಿಸಿ, ಹೊರಗೆ ಬರುವಾಗ ತೂತಿಗೆ ಹಾಕಬೇಕು. ಎಂಆರ್‌ಟಿ ಗೇಟಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ನ ಟ್ಯಾಪ್ ಮಾಡುವ ಕಾರ್ಡ್ ನೇರ ಬಳಸಬಹುದು. ನಿಮ್ಮ ಕಾರ್ಡ್‌ಗೆ ವಿದೇಶಿ ವ್ಯವಹಾರ ಆನ್ ಆಗಿರಬೇಕು, ಅಷ್ಟೇ. ಒಬ್ಬರಿಗೆ ಒಂದು ಕಾರ್ಡ್, ಮನೆಮಂದಿಗೆಲ್ಲ ಒಂದೇ ಕಾರ್ಡ್ ನಡೆಯುವುದಿಲ್ಲ.

ಮ್ಯಾಪ್ ನೋಡಿ ಗಾಬರಿಯಾಗುವ ಇನ್ನೊಂದು ಸಂಗತಿ ಇದೆ. ಎರಡು ರೈಲು ಸೇರುವ ಕಡೆ ಒಂದೇ ಜಾಗಕ್ಕೆ ಎರಡು ಹೆಸರು. ಬಿಟಿಎಸ್‌ನ ಅಸೋಕ್, ಎಂಆರ್‌ಟಿಯ ಸುಖುಮ್ವಿತ್ ಒಂದೇ ಕಡೆ. ಸಾಲಾ ಡೇಂಗ್‌ಗೆ ಕೆಳಗೆ ಸಿಲೋಮ್. ಮೋ ಚಿತ್‌ಗೆ ಕೆಳಗೆ ಚತುಚಕ್ ಪಾರ್ಕ್. ಇದನ್ನು ಬರೆದಿಟ್ಟುಕೊಳ್ಳಿ.

ಬೆಳಗ್ಗೆ 8 ಗಂಟೆಗೆ, ಸಂಜೆ 6 ಗಂಟೆಗೆ ನಿಲ್ದಾಣಗಳಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ.

ನದಿಯ ದೋಣಿ. ಬಿಟಿಎಸ್‌ನ ಸಾಫನ್ ತಾಕ್ಸಿನ್‌ನಲ್ಲಿ ಇಳಿದರೆ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಚಾವ್ ಫ್ರಾಯ ನದಿಯ ಎಕ್ಸ್‌ಪ್ರೆಸ್ ದೋಣಿಗಳು ಇಲ್ಲಿಂದ ಹೊರಡುತ್ತವೆ. ದೋಣಿಯ ಹಿಂದೆ ಕಟ್ಟಿದ ಬಾವುಟದ ಬಣ್ಣ ನೋಡಿ ಹತ್ತಬೇಕು. ಕಿತ್ತಳೆ ಬಾವುಟ ನಿಮ್ಮದು: ಎಲ್ಲಿಗೆ ಹೋದರೂ 16 ಬಾತ್‌ನ ಆಸುಪಾಸು. ನೀಲಿ ಬಾವುಟ ಟೂರಿಸ್ಟ್ ದೋಣಿ, ದರ ಜಾಸ್ತಿ. ಕಟ್ಟೆಯಲ್ಲಿ ಮೈಕ್ ಹಿಡಿದು ಅದರ ಟಿಕೆಟ್‌ಗೇ ಕರೆಯುತ್ತಾರೆ. ಕಿತ್ತಳೆಯ ಸಾಲು ಎಲ್ಲಿ ಅಂತ ಕೇಳಿ ಮುಂದೆ ಹೋಗಿ. ಕಂಡಕ್ಟರ್ ಉದ್ದನೆಯ ಲೋಹದ ಡಬ್ಬಿಯನ್ನು ಟಕಟಕ ಅನ್ನಿಸುತ್ತಾ ಬರುತ್ತಾರೆ, ಚಿಲ್ಲರೆ ಕೊಡಿ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಸೆಕೆಂಡು. ಒಂದು ನಿಲ್ದಾಣ ಮುಂಚೆಯೇ ಎದ್ದು ಬಾಗಿಲ ಕಡೆ ಬನ್ನಿ. ಸಂಜೆ 6ರ ಮೇಲೆ ದೋಣಿ ಕಡಿಮೆಯಾಗುತ್ತದೆ, ವಾಪಸ್ ಬರುವುದನ್ನು ಅದಕ್ಕೇ ಹೊಂದಿಸಿ.

ಟ್ಯಾಕ್ಸಿ ಅನಿವಾರ್ಯವಾದಾಗ ಗ್ರ್ಯಾಬ್ ಅಥವಾ ಬೋಲ್ಟ್ ಆ್ಯಪ್ ಬಳಸಿ. ಸಂಜೆ 4ರಿಂದ 8ರವರೆಗೆ ಯಾವ ಕಾರನ್ನೂ ಹತ್ತದಿದ್ದರೆ ಇನ್ನೂ ಒಳ್ಳೆಯದು.

## ಹಂತ 6: ನದಿಯ ದಿನ

ಅರಮನೆ, ವಾಟ್ ಫೋ, ವಾಟ್ ಅರುಣ್ ಮೂರನ್ನೂ ಒಂದೇ ದಿನ, ಇದೇ ಕ್ರಮದಲ್ಲಿ ನೋಡಿ. ವಾಟ್ ಅಂದರೆ ಬೌದ್ಧ ದೇವಸ್ಥಾನ. ಕ್ರಮ ತಪ್ಪಿದರೆ ಉರಿಬಿಸಿಲಲ್ಲಿ ಸಾಲು ನಿಲ್ಲಬೇಕಾಗುತ್ತದೆ.

ಬಟ್ಟೆ. ಹೆಗಲು, ಮಂಡಿ ಎರಡೂ ಮುಚ್ಚಿರಬೇಕು. ಗಂಡಸರಿಗೂ ಚಡ್ಡಿ ನಡೆಯುವುದಿಲ್ಲ. ಹರಿದ ಜೀನ್ಸ್, ಬಿಗಿ ಲೆಗ್ಗಿಂಗ್ಸ್, ಮೈ ಕಾಣುವ ಬಟ್ಟೆ ಬೇಡ. ತೋಳಿಲ್ಲದ ರವಿಕೆ, ಟಾಪ್ ಮೇಲೆ ಶಾಲು ಹೊದ್ದರೆ ಸಾಕು ಅಂದುಕೊಳ್ಳುವವರು ಬಾಗಿಲಲ್ಲೇ ನಿಲ್ಲುತ್ತಾರೆ. ತೋಳಿರುವ ಚೂಡಿದಾರ ಅತ್ಯಂತ ಅನುಕೂಲ. ದೇವಸ್ಥಾನಗಳಲ್ಲಿ ಚಪ್ಪಲಿ ಬಿಚ್ಚಬೇಕು, ಲೇಸ್ ಇರುವ ಶೂ ಬೇಡ.

1. ಬೆಳಗ್ಗೆ 8ರ ಹೊತ್ತಿಗೆ ಥಾ ಚಾಂಗ್ ಕಟ್ಟೆ. ಅಲ್ಲಿಂದ ಗ್ರ್ಯಾಂಡ್ ಪ್ಯಾಲೇಸ್ ಬಾಗಿಲಿಗೆ ಐದು ನಿಮಿಷದ ನಡಿಗೆ. ಟಿಕೆಟ್ 8:30ಕ್ಕೆ ಶುರು, ಮಧ್ಯಾಹ್ನ 3:30ಕ್ಕೆ ಬಂದ್. ವಿದೇಶಿಯರಿಗೆ 500 ಬಾತ್. 120 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಇಲ್ಲ. ಹತ್ತು ಗಂಟೆಯ ಮೇಲೆ ಗುಂಪುಗುಂಪಾಗಿ ಬಸ್ಸುಗಳು ಬಂದು ಸುರಿಯುತ್ತವೆ, ಅಷ್ಟರೊಳಗೆ ಮುಖ್ಯ ಭಾಗ ಮುಗಿಸಿಬಿಡಿ.

ಒಳಗಿನ ವಾಟ್ ಫ್ರ ಕೆಯೋದಲ್ಲಿ ಪಚ್ಚೆ ಬುದ್ಧನ ಗರ್ಭಗುಡಿಯ ಫೋಟೊ ತೆಗೆಯುವಂತಿಲ್ಲ. ಕೂತಾಗ ಪಾದ ಬುದ್ಧನ ಕಡೆ ಚಾಚಬೇಡಿ, ಹಿಂದಕ್ಕೆ ಮಡಚಿ ಕೂರಿ. ಇದನ್ನು ನೋಡಿ ಎಲ್ಲರೂ ಹೊರಟುಬಿಡುತ್ತಾರೆ. ನೀವು ಹೊರಡಬೇಡಿ. ಸುತ್ತಲಿನ ಮೊಗಸಾಲೆಯ ಗೋಡೆಗಳ ಮೇಲೆ ಅವರ ರಾಮಾಯಣ, ಅಂದರೆ ರಾಮಕಿಯೆನ್, 178 ಚಿತ್ರಗಳಲ್ಲಿ ಬಿಡಿಸಿಟ್ಟಿದ್ದಾರೆ. ಉತ್ತರದ ಬದಿಯಲ್ಲಿ, ವಿಹಾನ್ ಯೋತ್ ಎಂಬ ಕಟ್ಟಡದ ಎದುರಿನಿಂದ ಶುರು ಮಾಡಿ, ಪ್ರದಕ್ಷಿಣೆಯ ದಿಕ್ಕಿನಲ್ಲಿ ನಡೆಯಿರಿ. ಆಗ ಕತೆ ಸರಿಯಾಗಿ ಸಾಗುತ್ತದೆ. ಜನಕನಿಗೆ ಮಣ್ಣಿನಲ್ಲಿ ಸೀತೆ ಸಿಗುವುದರಿಂದ ಆರಂಭ. ಬೆಳ್ಳಗಿನ ಮೈಯ ಹನುಮಂತನನ್ನು ಮಕ್ಕಳಿಗೆ ಹುಡುಕಲು ಹೇಳಿ. ಒಂದು ಕಡೆ ಅವನು ಬೆಟ್ಟದಷ್ಟು ಬೆಳೆದು, ರಾಮ ಮಲಗಿರುವ ಮಂಟಪವನ್ನೇ ಬಾಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದಾನೆ. ರಾಮನನ್ನು ಪಾತಾಳಕ್ಕೆ ಒಯ್ಯಲು ಬರುವವನು ಮೈಯರಾಪ್. ಯಕ್ಷಗಾನದಲ್ಲಿ ಮೈರಾವಣನ ಪ್ರಸಂಗ ನೋಡಿದವರಿಗೆ ಈ ಗೋಡೆಯ ಮುಂದೆ ಗೈಡ್ ಬೇಕಾಗುವುದಿಲ್ಲ. ಇದಕ್ಕೆ ಅರ್ಧ ಗಂಟೆಯಾದರೂ ಇಡಿ.

2. ಹನ್ನೊಂದರ ಹೊತ್ತಿಗೆ ವಾಟ್ ಫೋ. ಅರಮನೆಯ ಗೋಡೆ ಹಿಡಿದು ದಕ್ಷಿಣಕ್ಕೆ ಹದಿನೈದು ನಿಮಿಷ ನಡೆದರೆ ಸಿಗುತ್ತದೆ. ಟಿಕೆಟ್ 300 ಬಾತ್. ಮಲಗಿದ ಬುದ್ಧ 46 ಮೀಟರ್ ಉದ್ದ. ಜನ ಮುಖದ ಹತ್ತಿರವೇ ಫೋಟೊಗೆ ಮುಗಿಬೀಳುತ್ತಾರೆ. ಪಾದದ ಕಡೆ ಹೋಗಿ ನಿಲ್ಲಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಮಧ್ಯಾಹ್ನದ ಬಿಸಿಲಿಗೆ ಈ ಆವರಣದಲ್ಲಿ ನೆರಳು ಸಿಗುತ್ತದೆ, ಅದಕ್ಕೇ ಇದು ಎರಡನೆಯದು.

3. ಮೂರರ ಮೇಲೆ ವಾಟ್ ಅರುಣ್. ವಾಟ್ ಫೋ ಪಕ್ಕದ ಥಾ ತಿಯೆನ್ ಕಟ್ಟೆಯಿಂದ ಆಚೆ ದಡಕ್ಕೆ ಸಣ್ಣ ದೋಣಿ, ಬರೀ 5 ಬಾತ್. ‘ದೋಣಿ ಇಲ್ಲ, ನಮ್ಮ ಲಾಂಗ್‌ಟೇಲ್ ಮೋಟಾರು ದೋಣಿಯಲ್ಲಿ ಬನ್ನಿ’ ಎಂದು ಸಾವಿರಗಟ್ಟಲೆ ಕೇಳುವವರಿಗೆ ಕಿವಿಗೊಡಬೇಡಿ. ಟಿಕೆಟ್ 200 ಬಾತ್. ಮೆಟ್ಟಿಲು ತುಂಬ ಕಡಿದು. ಮಂಡಿನೋವು ಇರುವವರು ಕೆಳಗೇ ಸುತ್ತು ಹಾಕಲಿ.

ವಾಪಸ್ ಹೊಳೆ ದಾಟಿ ವಾಟ್ ಫೋ ಪಕ್ಕದ ಎಂಆರ್‌ಟಿ ಸನಾಮ್ ಚಾಯ್ ಹಿಡಿಯಿರಿ. ಎರಡೇ ನಿಲ್ದಾಣ ದಾಟಿದರೆ ವಾಟ್ ಮಂಗ್ಕೋನ್, ಅಂದರೆ ಚೈನಾಟೌನ್. ಯಾವೊರಾತ್ ರಸ್ತೆ ಜೀವ ಪಡೆಯುವುದು ಕತ್ತಲಾದ ಮೇಲೆಯೇ.

## ಹಂತ 7: ಉಳಿದ ದಿನಗಳು

ವಾರ ನೋಡಿ ಹೊಂದಿಸಿ. ಚತುಚಕ್‌ನ ದೊಡ್ಡ ಸಂತೆ ಶನಿವಾರ, ಭಾನುವಾರ. ಬೆಳಗ್ಗೆ ಹತ್ತಕ್ಕೇ ಹೋಗಿ, ಮಧ್ಯಾಹ್ನ ಒಳಗೆ ಕಾಲಿಡಲಾಗದಷ್ಟು ಸೆಖೆ. ಎಂಆರ್‌ಟಿ ಕಾಂಫೇಂಗ್ ಫೆಟ್‌ನಲ್ಲಿ ಇಳಿದರೆ ನೇರ ಒಳಕ್ಕೆ. ನ್ಯಾಷನಲ್ ಮ್ಯೂಸಿಯಂ ಸೋಮವಾರ, ಮಂಗಳವಾರ ರಜೆ.

ಸಯಾಮ್, ಚಿತ್ ಲೋಮ್ ಸುತ್ತಲಿನ ಮಾಲ್‌ಗಳು, ಎರಾವನ್ ಬ್ರಹ್ಮನ ಗುಡಿ ಎಲ್ಲ ಒಂದೇ ಬಿಟಿಎಸ್ ದಾರಿಯಲ್ಲಿವೆ. ಅವನ್ನು ಮಳೆಯ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಹಳೆಯ ರಾಜಧಾನಿ ಅಯುತ್ಥಯಕ್ಕೆ ಒಂದು ದಿನ ಕೊಡುವವರು ರೈಲು ಯಾವ ನಿಲ್ದಾಣದಿಂದ ಅಂತ ಟಿಕೆಟ್‌ನಲ್ಲೇ ನೋಡಿ. 2023ರ ಜನವರಿಯಲ್ಲಿ ದೂರದ ರೈಲುಗಳೆಲ್ಲ ಹುವಾ ಲಂಫೋಂಗ್‌ನಿಂದ ಕ್ರುಂಗ್ ಥೇಪ್ ಅಪಿವತ್‌ಗೆ ಹೋದವು. ಹಳೆಯ ಮಾಹಿತಿ ನಂಬಿ ತಪ್ಪು ನಿಲ್ದಾಣದಲ್ಲಿ ನಿಲ್ಲುವವರು ಈಗಲೂ ಇದ್ದಾರೆ. ಡಾಮ್ನೂನ್ ಸದುವಾಕ್ ತೇಲುವ ಸಂತೆ ಊರಿಂದ 100 ಕಿಲೋಮೀಟರ್ ದೂರ. ಮೂರೇ ದಿನದ ಪ್ರವಾಸವಾದರೆ ಅದನ್ನು ಕೈಬಿಡಿ.

## ಹಂತ 8: ಊಟ

ಮಾಂಸ ತಿನ್ನುವವರಿಗೆ ಇಲ್ಲಿ ಹೇಳುವುದು ಕಡಿಮೆ: ಜನ ಜಾಸ್ತಿ ಇರುವ ಅಂಗಡಿಯಲ್ಲಿ, ಕಣ್ಣೆದುರು ಬಿಸಿಯಾಗಿ ಮಾಡಿಕೊಟ್ಟದ್ದನ್ನು ತಿನ್ನಿ. ಬೀಫ್, ಪೋರ್ಕ್ ಬೇಡದವರು ಮೊದಲೇ ಕೇಳಿ. ನಲ್ಲಿ ನೀರು ಕುಡಿಯಬೇಡಿ.

ಸಸ್ಯಾಹಾರಿಗಳಿಗೆ ಹೇಳಬೇಕಾದದ್ದು ಬಹಳ. ‘ವೆಜ್’ ಅಂದರೆ ತರಕಾರಿ ಹಾಕಿ ಕೊಡುತ್ತಾರೆ, ಜೊತೆಗೆ ನಾಮ್ ಪ್ಲಾ ಸುರಿಯುತ್ತಾರೆ. ಅದು ಮೀನಿನ ಸಾಸ್, ಅಲ್ಲಿ ಉಪ್ಪಿನ ಜಾಗದಲ್ಲಿ ಬಳಸುವುದೇ ಅದು. ಗ್ರೀನ್ ಕರಿಯ ಮಸಾಲೆಯಲ್ಲಿ ಸಿಗಡಿ ಪೇಸ್ಟ್ ಸೇರಿರುತ್ತದೆ. ಪಪ್ಪಾಯಿ ಸಲಾಡ್ ಸೋಮ್ ತಾಮ್‌ನಲ್ಲಿ ಒಣಸಿಗಡಿ. ಪಾಡ್ ಥಾಯ್ ಎಂಬ ನೂಡಲ್ಸ್‌ನಲ್ಲಿ ಮೊಟ್ಟೆ.

ನೀವು ಹೇಳಬೇಕಾದ ಮಾತು ಜೆ. ‘ಕಿನ್ ಜೆ’ ಅಂದರೆ ನಾನು ಜೆ ಊಟ ಮಾಡುವವರು ಎಂದರ್ಥ. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ, ಹಾಗಾಗಿ ಮಡಿ ಊಟದವರಿಗೂ ಹೊಂದುತ್ತದೆ. ಜೆ ಅಂಗಡಿಯ ಮುಂದೆ ಹಳದಿ ಬಾವುಟ, ಅದರಲ್ಲಿ ಕೆಂಪು ಅಕ್ಷರ ಇರುತ್ತದೆ. ದೂರದಿಂದ ನೋಡಿದರೆ ಇಂಗ್ಲಿಷಿನ 17 ಬರೆದ ಹಾಗೆ ಕಾಣುತ್ತದೆ. ಫುಡ್ ಕೋರ್ಟ್‌ಗಳಲ್ಲಿ, ಸೆವೆನ್ ಇಲೆವೆನ್ ಅಂಗಡಿಯ ಪ್ಯಾಕೆಟ್‌ಗಳ ಮೇಲೆ ಇದೇ ಗುರುತು ಹುಡುಕಿ. ತಟ್ಟೆಯಲ್ಲಿ ಮಾಂಸದ ತುಂಡಿನಂಥದ್ದು ಕಂಡರೆ ಹೆದರಬೇಡಿ. ಸೋಯಾ, ಗೋಧಿಯಿಂದ ಹಾಗೆ ಮಾಡಿರುತ್ತಾರೆ.

‘ಮಂಗ್ಸವಿರತ್’ ಎನ್ನುವುದೂ ಸಸ್ಯಾಹಾರವೇ, ಆದರೆ ಅದರಲ್ಲಿ ಮೊಟ್ಟೆ ಬರಬಹುದು. ‘ಮೈ ಸೈ ನಾಮ್ ಪ್ಲಾ’ ಅಂದರೆ ಮೀನಿನ ಸಾಸ್ ಹಾಕಬೇಡಿ. ‘ಮೈ ಸೈ ಖಾಯ್’ ಅಂದರೆ ಮೊಟ್ಟೆ ಬೇಡ. ಸ್ವರ ಸ್ವಲ್ಪ ತಪ್ಪಿದರೂ ಅರ್ಥ ಬದಲಾಗುವ ಭಾಷೆ ಅದು. ಥಾಯ್ ಲಿಪಿಯಲ್ಲಿ ಬರೆದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ತೋರಿಸುವುದೇ ಗಟ್ಟಿ ದಾರಿ.

ಮಾಲ್‌ಗಳ ಫುಡ್ ಕೋರ್ಟ್ ಅಗ್ಗ ಮತ್ತು ಸ್ವಚ್ಛ. ಅಸೋಕ್‌ನ ಟರ್ಮಿನಲ್ 21ರ ಮೇಲ್ಮಹಡಿಯ ಪಿಯರ್ 21 ಇದಕ್ಕೆ ಹೆಸರಾದದ್ದು. ಮೊದಲು ಕೌಂಟರ್‌ನಲ್ಲಿ ಕಾರ್ಡ್‌ಗೆ ದುಡ್ಡು ತುಂಬಿಸಿ, ಉಳಿದದ್ದನ್ನು ಹೊರಡುವ ಮುಂಚೆ ವಾಪಸ್ ಪಡೆಯಿರಿ. ರೊಟ್ಟಿ, ಅನ್ನ, ಸಾರು ಬೇಕೇ ಬೇಕು ಅನಿಸಿದಾಗ ಸುಖುಮ್ವಿತ್ 11ನೇ ಸೊಯ್ ಆಸುಪಾಸು, ಸಿಲೋಮ್, ಅಥವಾ ಎಂಆರ್‌ಟಿ ಸಾಮ್ ಯೋತ್ ಹತ್ತಿರದ ಫಾಹುರತ್‌ಗೆ ಹೋಗಿ. ಫಾಹುರತ್ ಅಲ್ಲಿನ ಪುಟ್ಟ ಭಾರತ.

## ಹಂತ 9: ಎಚ್ಚರಿಕೆಯ ಗಂಟೆಗಳು

ಅರಮನೆಯ ಸುತ್ತ ನಡೆಯುವ ಮೋಸಕ್ಕೆ ಒಂದು ಸಿದ್ಧ ದಾರಿ ಇದೆ. ಇಸ್ತ್ರಿ ಮಾಡಿದ ಶರ್ಟು ಹಾಕಿದ, ಸಭ್ಯರಂತೆ ಕಾಣುವ ವ್ಯಕ್ತಿ ಹತ್ತಿರ ಬರುತ್ತಾರೆ. ಕೊರಳಲ್ಲಿ ಐಡಿ ಕಾರ್ಡ್ ಕೂಡ ಇರಬಹುದು. ‘ಫ್ರಮ್ ಇಂಡಿಯಾ? ಪ್ಯಾಲೇಸ್ ಕ್ಲೋಸ್ಡ್ ನೌ, ಪೂಜೆ ನಡೀತಿದೆ, ಮಧ್ಯಾಹ್ನ ಬನ್ನಿ’ ಎನ್ನುತ್ತಾರೆ. ನಿಮ್ಮ ಮ್ಯಾಪ್ ಮೇಲೆ ಪೆನ್ನಿನಿಂದ ಎರಡು ಮೂರು ದೇವಸ್ಥಾನ ಗುರುತು ಹಾಕುತ್ತಾರೆ. ಅಷ್ಟರಲ್ಲಿ ಒಂದು ಟುಕ್‌ಟುಕ್, ಅಂದರೆ ಅಲ್ಲಿನ ಆಟೊ, ಪಕ್ಕಕ್ಕೆ ಬಂದು ನಿಲ್ಲುತ್ತದೆ. ಎಲ್ಲ ಕಡೆ ಸುತ್ತಿಸಲು ಬರೀ 20 ಬಾತ್! ಕೊನೆಗೆ ಇಳಿಸುವುದು ಹರಳಿನ ಅಂಗಡಿಯಲ್ಲಿ ಅಥವಾ ಸೂಟು ಹೊಲಿಯುವವರ ಹತ್ತಿರ. ‘ಸರ್ಕಾರಿ ರಿಯಾಯಿತಿ, ಇವತ್ತೇ ಕೊನೆ, ನಿಮ್ಮೂರಲ್ಲಿ ಎರಡರಷ್ಟು ಬೆಲೆಗೆ ಮಾರಬಹುದು’ ಅಂತ ಕೂರಿಸಿಕೊಳ್ಳುತ್ತಾರೆ.

ಅರಮನೆ ವಿಶೇಷ ಸಮಾರಂಭ ಬಿಟ್ಟರೆ ಪ್ರತಿದಿನ ತೆರೆದಿರುತ್ತದೆ. ಯಾರು ಏನೇ ಹೇಳಲಿ, ಟಿಕೆಟ್ ಕಿಟಕಿಯವರೆಗೆ ನಡೆದುಹೋಗಿ ನಿಮ್ಮ ಕಣ್ಣಲ್ಲೇ ನೋಡಿ. ಇದೊಂದು ಅಭ್ಯಾಸ ಸಾಕು.

ಇನ್ನು ಕೆಲವು ಗುರುತುಗಳು. ಮೀಟರ್ ಹಾಕಿ ಅಂದಾಗ ‘ಟ್ರಾಫಿಕ್’ ಎಂದು ಡ್ರೈವರ್ ತಲೆಯಾಡಿಸಿದರೆ ಬಾಗಿಲು ಮುಚ್ಚಿ, ಮುಂದಿನ ಕಾರು ನೋಡಿ. ಟುಕ್‌ಟುಕ್ ಹತ್ತುವ ಮುಂಚೆ ದರ ಮಾತಾಡಿ. ಬಾರ್‌ಗಳ ಬೀದಿ ಪಾತ್‌ಪೋಂಗ್‌ನಲ್ಲಿ ‘ಶೋ ಉಚಿತ, ಬಿಯರ್‌ಗೆ ಮಾತ್ರ ದುಡ್ಡು’ ಎಂದು ಮಹಡಿ ಮೇಲಕ್ಕೆ ಕರೆದರೆ ಹೋಗಬೇಡಿ, ಕೆಳಗಿಳಿಯುವಾಗ ಬಿಲ್ ಸಾವಿರಗಳಲ್ಲಿರುತ್ತದೆ. ಪಾಸ್‌ಪೋರ್ಟ್ ಅನ್ನು ಯಾರಿಗೂ ಅಡ ಇಡಬೇಡಿ.

ರಾಜಮನೆತನದ ಬಗ್ಗೆ ಅಗೌರವದ ಮಾತು ಅಲ್ಲಿ ಜೈಲಿಗೆ ಕಳಿಸುವ ಅಪರಾಧ. ಫೇಸ್‌ಬುಕ್‌ನಲ್ಲಿ ಬರೆದರೂ ಅಷ್ಟೇ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಯಾರ ತಲೆಯನ್ನೂ, ಮಕ್ಕಳದ್ದಾದರೂ, ಸವರಬೇಡಿ.

ತೊಂದರೆಯಾದರೆ ಟೂರಿಸ್ಟ್ ಪೊಲೀಸ್ 1155, ಆಂಬುಲೆನ್ಸ್ 1669. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಸುಖುಮ್ವಿತ್ 23ನೇ ಸೊಯ್‌ನಲ್ಲಿರುವ ಭಾರತದ ರಾಯಭಾರ ಕಚೇರಿ.

ಇದನ್ನು ಮಾತ್ರ ನಿಮ್ಮ ಮನೆಯ ಹುಡುಗರಿಗೆ ಓದಿ ಹೇಳಿ. ‘ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಸದ್ಯಕ್ಕೆ ಟೂರಿಸ್ಟ್ ಆಗಿ ಬನ್ನಿ’ ಎಂದು ಕರೆಸಿಕೊಂಡು, ಗಡಿಯ ಮೇ ಸೋತ್ ಮೂಲಕ ಮ್ಯಾನ್ಮಾರ್‌ಗೆ ದಾಟಿಸಿ ಸೈಬರ್ ವಂಚನೆಗೆ ದುಡಿಸಿಕೊಂಡ ಪ್ರಕರಣಗಳಲ್ಲಿ ಭಾರತೀಯರು ಸಿಕ್ಕಿಬಿದ್ದಿದ್ದಾರೆ. ಪ್ರವಾಸಿಯಾಗಿ ಹೋದವರು ಅಲ್ಲಿ ಕೆಲಸ ಮಾಡುವಂತಿಲ್ಲ. ಹಾಗೆ ಕರೆಯುವವರು ಯಾರೇ ಆಗಲಿ, ಹೊರಡಬೇಡಿ.

## ಹಂತ 10: ವಾಪಸ್ ಬರುವ ದಿನ

ವಿಮಾನಕ್ಕೆ ಮೂರು ಗಂಟೆ ಮುಂಚೆ ತಲುಪುವಂತೆ ಹೊರಡಿ. ರಾತ್ರಿ ವಿಮಾನವಾದರೆ ಸಂಜೆಯ ಟ್ರಾಫಿಕ್‌ಗೆ ಸಿಗದೆ ರೈಲಿನಲ್ಲೇ ಹೋಗಿ. ಟ್ಯಾಕ್ಸಿಯವರಿಗೆ ಸುವರ್ಣಭೂಮಿ ಎಂದರೆ ತಿಳಿಯದಿರಬಹುದು, ಅಲ್ಲಿನವರ ಬಾಯಲ್ಲಿ ಅದು ‘ಸುವನ್ನಫೂಮ್’.

ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ಅಥವಾ ಅದಕ್ಕೂ ಜಾಸ್ತಿ ಕೊಂಡಿದ್ದರೆ ವ್ಯಾಟ್ ವಾಪಸ್ ಸಿಗಬಹುದು. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಫಾರಂ ತೆಗೆದುಕೊಳ್ಳಿ. ನಿಮ್ಮ ಮೊತ್ತಕ್ಕೆ ಕಸ್ಟಮ್ಸ್ ಮುದ್ರೆ ಬೇಕೇ ಅಂತ ಕೇಳಿಕೊಳ್ಳಿ, ಬೇಕಿದ್ದರೆ ಏರ್‌ಪೋರ್ಟ್‌ನಲ್ಲಿ ಲಗೇಜ್ ಕೊಡುವ ಮುಂಚೆಯೇ ಒತ್ತಿಸಬೇಕು. ಲಗೇಜ್ ಕೊಟ್ಟ ಮೇಲೆ ನೆನಪಾದರೆ ದುಡ್ಡು ಕೈತಪ್ಪಬಹುದು. ಬುದ್ಧನ ವಿಗ್ರಹ ಹೊರಗೆ ತರಲು ಅವರ ಲಲಿತಕಲಾ ಇಲಾಖೆಯ ಪರವಾನಗಿ ಬೇಕು, ಅದಿಲ್ಲದೆ ಕೊಳ್ಳಬೇಡಿ.

ಗಾಂಜಾ ವಿಷಯ ಸ್ಪಷ್ಟವಾಗಿ ಹೇಳುತ್ತೇನೆ. ಬ್ಯಾಂಕಾಕ್‌ನ ಬೀದಿಗಳಲ್ಲಿ ಹಸಿರು ಎಲೆಯ ಚಿತ್ರವಿರುವ ಅಂಗಡಿಗಳು ಕಾಣುತ್ತವೆ. 2022ರಲ್ಲಿ ಅಲ್ಲಿ ನಿಯಮ ಸಡಿಲವಾಯಿತು, 2025ರಲ್ಲಿ ಮತ್ತೆ ಬಿಗಿಯಾಯಿತು. ಅಲ್ಲಿ ಏನೇ ಇರಲಿ, ಭಾರತಕ್ಕೆ ತಂದರೆ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಜೈಲು. ಬ್ಯಾಂಕಾಕ್‌ನಿಂದ ಬಂದವರ ಬ್ಯಾಗಿನಲ್ಲಿ ಹೈಡ್ರೊಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆದ) ಗಾಂಜಾ, ಆಮೆ, ಹಾವು, ಹಲ್ಲಿಗಳನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಹಿಡಿದಿದ್ದಾರೆ. ಅದರಿಂದ ಈ ವಿಮಾನದ ಬ್ಯಾಗ್‌ಗಳ ಮೇಲೆ ಕಣ್ಣು ಜಾಸ್ತಿ. ‘ನಮ್ಮ ತಮ್ಮನಿಗೆ ಒಂದು ಡಬ್ಬಿ ಚಾಕೊಲೇಟ್, ಬೆಂಗಳೂರಲ್ಲಿ ಬಂದು ತಗೋತಾನೆ’ ಎಂದು ಹೋಟೆಲಿನಲ್ಲಿ ಪರಿಚಯವಾದವರು ಕೊಟ್ಟರೆ, ಅವರು ಕನ್ನಡದವರೇ ಆಗಿದ್ದರೂ, ಬೇಡ ಅನ್ನಿ. ನಿಮ್ಮ ಬ್ಯಾಗನ್ನು ನೀವೇ ತುಂಬಿ, ನೀವೇ ಬೀಗ ಹಾಕಿ, ಚೆಕ್-ಇನ್ ಆಗುವವರೆಗೆ ಕೈಬಿಡಬೇಡಿ.